ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟು ಯಾರು? ನನ್ನ ಮತ ಇಬ್ಬರು ಮಕ್ಕಳ ತಾಯಿಗೆ

ಕೋಥ್ರೂಡ್ ಓಟಗಾರ್ತಿ

ಈ ಭಾನುವಾರ ಬೆಳಗ್ಗೆ ಪುಣೆಯ ವೇತಾಳ ಟೇಕಡಿ (ಗುಡ್ಡ) ಹತ್ತಿಳಿದು, ನಮ್ಮ ಕನ್ನಡದವರ ಗುಂಪು ಎಂದಿನಂತೆ ಪೋಹೆ ತಿನ್ನಲು ಕೂತಿತ್ತು. ಮಾತು ಬೋಲ್ಟ್ ಕಡೆ ಹೊರಳಿತು. ಒಬ್ಬರು ಫೆಲ್ಪ್ಸ್ ಅಂದರು. ಇನ್ನೊಬ್ಬರು ಸಚಿನ್ ಬಿಟ್ಟರೆ ಬೇರೆ ಹೆಸರೇ ಇಲ್ಲ ಅಂದರು. ಮೂರು ಸುತ್ತು ಚಹಾ ಆಯಿತು. ಮನೆಗೆ ಬಂದು ಶೂ ಬಿಚ್ಚುವಾಗ ಹೊಳೆಯಿತು. ಅಷ್ಟು ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬಂದಿರಲಿಲ್ಲ. ಗುಂಪಿನಲ್ಲಿ ನಾವು ನಾಲ್ಕು ಜನ ಹೆಂಗಸರಿದ್ದೆವು, ನಾವೂ ಹೇಳಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಆಯ್ಕೆ ನೆದರ್‌ಲೆಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್-ಕೂನ್.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 18 ವರ್ಷ. ಅಲ್ಲಿ ಪದಕ ಸಿಗಲಿಲ್ಲ, ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಅವರ ಹಸ್ತಾಕ್ಷರ ಸಿಕ್ಕಿತು. ಆಮೇಲೆ ಯುದ್ಧ. 1940ರ ಕೂಟ ಇಲ್ಲ, 1944ರದ್ದೂ ಇಲ್ಲ. ಒಬ್ಬ ಓಟಗಾರ್ತಿಗೆ 22 ಮತ್ತು 26ನೇ ವಯಸ್ಸು ಅಂದರೆ ಕಾಲು ಹೇಳಿದ ಮಾತು ಕೇಳುವ ಕಾಲ. ಆ ವರ್ಷಗಳೆಲ್ಲ ಜರ್ಮನ್ ಸೈನ್ಯ ಹಿಡಿದಿದ್ದ ಊರಲ್ಲಿ ಕಳೆದವು. ಆದರೂ 1943ರಲ್ಲಿ ಎತ್ತರ ಜಿಗಿತದಲ್ಲಿ 1.71 ಮೀಟರ್, ಉದ್ದ ಜಿಗಿತದಲ್ಲಿ 6.25 ಮೀಟರ್, ಎರಡೂ ವಿಶ್ವದಾಖಲೆ.

1948ರ ಲಂಡನ್ ಬಂತು. ವಯಸ್ಸು 30, ಮನೆಯಲ್ಲಿ ಇಬ್ಬರು ಮಕ್ಕಳು. ಈ ವಯಸ್ಸಲ್ಲಿ ಮಕ್ಕಳನ್ನು ಬಿಟ್ಟು ಓಡೋದೇನು ಅಂತ ಟೀಕೆ ಬೇರೆ. ಅವರು 100 ಮೀಟರ್ ಗೆದ್ದರು, 80 ಮೀಟರ್ ಹರ್ಡಲ್ಸ್ ಗೆದ್ದರು. ಮನೆ ನೆನಪಾಗಿ ಸಾಕು, ಊರಿಗೆ ಹೋಗ್ತೀನಿ ಅಂದರಂತೆ. ಕೋಚ್ ಆಗಿದ್ದ ಗಂಡ ಸಮಾಧಾನ ಮಾಡಿ ನಿಲ್ಲಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ ಇಟ್ಟಿದ್ದ 200 ಮೀಟರ್ ಓಟದಲ್ಲಿ ಎರಡನೆಯವರಿಗಿಂತ 0.7 ಸೆಕೆಂಡ್ ಮುಂದೆ. ಕೊನೆಗೆ ರಿಲೇಯಲ್ಲಿ ಹಿಂದೆ ಬಿದ್ದಿದ್ದ ತಂಡಕ್ಕೆ ಕೊನೆಯ ಓಟ ಓಡಿ ನಾಲ್ಕನೇ ಚಿನ್ನ.

ನಿಜವಾದ ವಿಷಯ ಇನ್ನೂ ಹೇಳಿಲ್ಲ. ಹೆಂಗಸರು ಒಂದು ಕೂಟದಲ್ಲಿ ಮೂರಕ್ಕಿಂತ ಜಾಸ್ತಿ ವೈಯಕ್ತಿಕ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಹಾಗಾಗಿ ತಮ್ಮದೇ ವಿಶ್ವದಾಖಲೆ ಇದ್ದ ಎರಡೂ ಜಿಗಿತಗಳನ್ನು ಅವರು ಬಿಡಬೇಕಾಯಿತು. ಆ ವರ್ಷ ಎತ್ತರ ಜಿಗಿತದ ಚಿನ್ನ 1.68ಕ್ಕೆ ಸಿಕ್ಕಿತು, ಉದ್ದ ಜಿಗಿತದ್ದು 5.69ಕ್ಕೆ. ಅವರ ದಾಖಲೆಯ ಪಕ್ಕ ಇಟ್ಟು ನೋಡಿ.

ನಿನ್ನೆ ಅಡುಗೆಮನೆ ಬಾಗಿಲ ಮೇಲೆ ಟೇಪ್ ಹಿಡಿದು 1.71ಕ್ಕೆ ಪೆನ್ಸಿಲ್ ಗೆರೆ ಎಳೆದೆ. ನನ್ನ ಎತ್ತರ 1.58. ಗೆರೆ ನೆತ್ತಿಯಿಂದ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಮೇಲಿದೆ. ಆಗ ಬೀಳೋಕೆ ಈಗಿನ ದಪ್ಪ ಫೋಮ್ ಹಾಸಿಗೆ ಇರಲಿಲ್ಲ. ಮರಳು. ಕಾಲ ಮೇಲೇ ಇಳಿಯಬೇಕು.

ಓಡುವುದು, ಹಾರುವುದು, ಅಡ್ಡಗಟ್ಟೆ ದಾಟುವುದು, ಎಲ್ಲದರಲ್ಲೂ ಜಗತ್ತಿಗೇ ಮೊದಲು. ಕ್ರೀಡಾಪಟು ಅನ್ನುವ ಪದಕ್ಕೆ ಇದಕ್ಕಿಂತ ಪೂರ್ತಿ ಅರ್ಥ ಕೊಟ್ಟವರು ಯಾರಿದ್ದಾರೆ ಹೇಳಿ.

ಮುಲುಂಡ್ ಈಜುಗಾರ

ಅಕ್ಕಾ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ಮತ ಮೈಕೆಲ್ ಫೆಲ್ಪ್ಸ್‌ಗೆ. 28 ಒಲಿಂಪಿಕ್ ಪದಕ, ಅದರಲ್ಲಿ 23 ಚಿನ್ನ. ರಿಲೇ ಪೂರ್ತಿ ತೆಗೆದುಹಾಕಿದರೂ ಒಬ್ಬರೇ ಗೆದ್ದದ್ದು 13 ಚಿನ್ನ ಉಳಿಯುತ್ತದೆ. 2004ರಿಂದ 2016ರ ತನಕ, ನಾಲ್ಕು ಒಲಿಂಪಿಕ್ಸ್‌ನಲ್ಲಿ. ಇನ್ನೇನು ಬೇಕು?

ಕೋಥ್ರೂಡ್ ಓಟಗಾರ್ತಿ

ತಮ್ಮಾ, ಫೆಲ್ಪ್ಸ್ ದೊಡ್ಡವರೇ. ಆದರೆ ಈಜಿನಲ್ಲಿ ಅದೇ ನೂರು ಮೀಟರನ್ನು ನಾಲ್ಕು ಬಗೆಯಲ್ಲಿ ಈಜಿದರೆ ನಾಲ್ಕು ಪದಕ ಇದೆ. ಕುಸ್ತಿಯವರಿಗೆ ಒಂದು ಕೂಟಕ್ಕೆ ಒಂದೇ ಪದಕ. ಮ್ಯಾರಥಾನ್‌ನವರಿಗೂ ಅಷ್ಟೇ. ಪದಕ ಎಣಿಸಿದರೆ ತಕ್ಕಡಿಯೇ ಸಮ ಇಲ್ಲ ಅಲ್ವಾ?

ಮುಲುಂಡ್ ಈಜುಗಾರ

ಒಪ್ಪುತ್ತೇನೆ. ಆದರೆ ನಾಲ್ಕು ಬಗೆ ಅಂದರೆ ಒಂದೇ ಕೆಲಸ ನಾಲ್ಕು ಸಲ ಮಾಡಿದಂತೆ ಅಂದ್ಕೋಬೇಡಿ. ನಾನು ಹನ್ನೊಂದು ವರ್ಷದಿಂದ ಈಜುತ್ತಿದ್ದೇನೆ. ಫ್ರೀಸ್ಟೈಲ್ ಒಂದು ಕಿಲೋಮೀಟರ್ ಆರಾಮಾಗಿ ಹೋಗ್ತೀನಿ. ಬಟರ್‌ಫ್ಲೈ 50 ಮೀಟರ್ ಮುಗಿಯುವಾಗ ಭುಜ ನನ್ನದಲ್ಲ ಅನಿಸುತ್ತದೆ. 

ಬೀಜಿಂಗ್‌ನ 200 ಮೀಟರ್ ಬಟರ್‌ಫ್ಲೈ ನೋಡಿ. ಫೆಲ್ಪ್ಸ್ ನೀರಿಗೆ ಧುಮುಕಿದ್ದೇ ಕನ್ನಡಕದೊಳಗೆ ನೀರು ನುಗ್ಗಿತು. ಕೊನೆಕೊನೆಗೆ ಏನೂ ಕಾಣುತ್ತಿರಲಿಲ್ಲ. ಗೋಡೆ ಎಷ್ಟು ದೂರ ಅಂತ ಕೈಬೀಸು ಎಣಿಸಿಕೊಂಡು ಈಜಿದರು. 1 ನಿಮಿಷ 52.03 ಸೆಕೆಂಡ್, ವಿಶ್ವದಾಖಲೆ. ಕಣ್ಣು ಮುಚ್ಚಿ ಗೋಡೆ ಮುಟ್ಟಲು ನಾನು ನಮ್ಮ ಕೊಳದಲ್ಲಿ ಪ್ರಯತ್ನಿಸಿದ್ದೇನೆ. ಎರಡನೇ ಸಲವೇ ಬೆರಳು ಉಳುಕಿತು. ಅದೇ ಕೂಟದಲ್ಲಿ 100 ಮೀಟರ್ ಬಟರ್‌ಫ್ಲೈ ಗೆದ್ದದ್ದು ನೂರನೇ ಒಂದು ಸೆಕೆಂಡಿನಲ್ಲಿ. ಗೋಡೆ ಹತ್ತಿರ ಬಂದಾಗ, ಎರಡನೆಯವರಾದ ಸೆರ್ಬಿಯಾದ ಚಾವಿಚ್ ತೇಲಿಕೊಂಡು ಹೋದರು, ಫೆಲ್ಪ್ಸ್ ಇನ್ನೊಂದು ಅರ್ಧ ಕೈ ಹಾಕಿದರು. ಅಷ್ಟೇ ವ್ಯತ್ಯಾಸ.

ದಾದರ್ ಟೀಚರ್

ನೂರನೇ ಒಂದು ಸೆಕೆಂಡ್ ಅಂದ ಕೂಡಲೇ ನನಗೆ ಪಿ.ಟಿ. ಉಷಾ. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್, 55.42. ನೂರನೇ ಒಂದು ಸೆಕೆಂಡಿನಲ್ಲಿ ಕಂಚು ಹೋಯಿತು. ಎರಡು ವರ್ಷ ಬಿಟ್ಟು ಸೋಲ್ ಏಷ್ಯನ್ ಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ಆಗ ನಾನು ಆರನೇ ಕ್ಲಾಸು. ಶಿವಾಜಿ ಪಾರ್ಕಿನಲ್ಲಿ ಎಲ್ಲಿ ನೋಡಿದರೂ ಹುಡುಗರ ಕ್ರಿಕೆಟ್. ಅದರ ನಡುವೆ ನಾವು ಐದಾರು ಹುಡುಗಿಯರು ಕಟ್ಟೆಗುಂಟ ಓಡಲು ಶುರು ಮಾಡಿದ್ದು ಉಷಾ ಅವರಿಂದ. ಜಗತ್ತಿಗೇ ಶ್ರೇಷ್ಠರು ಅಂತ ನಾನು ವಾದ ಮಾಡುವುದಿಲ್ಲ. ಆದರೆ ಈ ಚರ್ಚೆಯಲ್ಲಿ ಅವರ ಹೆಸರು ಬರಲೇಬೇಕು.

ಹಿಂಜವಡಿ ಐಟಿ ಹುಡುಗ

ಬೇರೆ ಬೇರೆ ಕಾಲದವರನ್ನು ಹೋಲಿಸೋದು ಕಷ್ಟ. ಓವೆನ್ಸ್ ಓಡಿದ್ದು ಬೂದಿ ಹಾಸಿದ ಟ್ರ್ಯಾಕ್ ಮೇಲೆ. ಶುರುವಿನಲ್ಲಿ ಕಾಲೂರಲು ಚಿಕ್ಕ ಕರಣಿಯಿಂದ ತಾವೇ ಗುಳಿ ತೋಡಿಕೊಳ್ಳುತ್ತಿದ್ದರು. ಬೋಲ್ಟ್‌ಗೆ ರಬ್ಬರ್ ಟ್ರ್ಯಾಕ್, ಸ್ಟಾರ್ಟಿಂಗ್ ಬ್ಲಾಕ್. 9.58 ಅನ್ನೋ ಸಂಖ್ಯೆಯನ್ನು 1936ಕ್ಕೆ ಒಯ್ದು ನಿಲ್ಲಿಸಲು ಆಗಲ್ಲ.

ಆದರೆ ಸಂಖ್ಯೆಯನ್ನು ನಮ್ಮ ಮೈಮೇಲೆ ಹಾಕಿಕೊಂಡು ನೋಡಬಹುದು. ಕೀನ್ಯಾದ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನ್ ಓಡಿದ್ದು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ. ಲೆಕ್ಕ ಹಾಕಿ. ಗಂಟೆಗೆ ಸುಮಾರು 20.9 ಕಿಲೋಮೀಟರ್. ನಮ್ಮ ಆಫೀಸಿನ ಜಿಮ್‌ನ ಟ್ರೆಡ್‌ಮಿಲ್ 20ಕ್ಕೇ ನಿಲ್ಲುತ್ತದೆ! ಅಂದರೆ ಅವರಿಗೆ ಆ ಯಂತ್ರವೇ ನಿಧಾನ. 400 ಮೀಟರಿನ ಒಂದು ಸುತ್ತು 69 ಸೆಕೆಂಡಿನ ಒಳಗೆ, ಹಾಗೆ ನೂರಾ ಐದು ಸುತ್ತು. ನನಗೆ 27 ವರ್ಷ, ಮುಂಬೈ ಮ್ಯಾರಥಾನ್ ಎರಡು ಸಲ ಓಡಿದ್ದೇನೆ, ಪೆಡ್ಡರ್ ರೋಡಿನ ಏರು ಎರಡು ಸಲವೂ ನಡೆಯದೇ ಹತ್ತಿದ್ದೇನೆ. ಹೋದ ತಿಂಗಳು ಗೆಳೆಯನ ಕೈಗೆ ಗಡಿಯಾರ ಕೊಟ್ಟು ಒಂದೇ ಒಂದು ಸುತ್ತು ಓಡಿದೆ. 81 ಸೆಕೆಂಡ್. ಮುಗಿಸಿ ಹುಲ್ಲಿನ ಮೇಲೆ ಮಲಗಿದವನು ಐದು ನಿಮಿಷ ಏಳಲಿಲ್ಲ.

ಇಷ್ಟೆಲ್ಲ ಹೇಳಿಯೂ ನನ್ನ ಮತ ಕಿಪ್ಚೋಗೆಗಲ್ಲ. ಜೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೋಪೆಕ್‌ಗೆ. 1952ರ ಹೆಲ್ಸಿಂಕಿಯಲ್ಲಿ 10,000 ಮೀಟರ್ ಚಿನ್ನ, 5,000 ಮೀಟರ್ ಚಿನ್ನ. ಅದಾದ ಮೇಲೆ ಮ್ಯಾರಥಾನ್‌ಗೂ ನಿಂತರು. ಅಲ್ಲಿತನಕ ಜೀವನದಲ್ಲಿ ಒಂದೂ ಮ್ಯಾರಥಾನ್ ಓಡಿರಲಿಲ್ಲ! ವೇಗ ಎಷ್ಟಿರಬೇಕು ಅಂತ ಗೊತ್ತಿಲ್ಲ. ಪಕ್ಕದಲ್ಲಿ ಓಡುತ್ತಿದ್ದ ಬ್ರಿಟನ್ನಿನ ಜಿಮ್ ಪೀಟರ್ಸ್ ಅವರನ್ನೇ ಕೇಳಿದರು, ಈ ವೇಗ ಸರಿಯಾಗಿದೆಯಾ ಅಂತ. ಅವರು ನಿಧಾನವಾಯಿತು ಅಂದರು. ಜಾಟೋಪೆಕ್ ನಂಬಿ ವೇಗ ಹೆಚ್ಚಿಸಿದರು. ಪೀಟರ್ಸ್ ಅರ್ಧದಲ್ಲೇ ಬಿಟ್ಟರು, ಇವರು ಗೆದ್ದರು. ಮೂರರಲ್ಲೂ ಒಲಿಂಪಿಕ್ ದಾಖಲೆ. ಈ ಮೂರನ್ನೂ ಒಂದೇ ಕೂಟದಲ್ಲಿ ಗೆದ್ದವರು ಮತ್ತೊಬ್ಬರಿಲ್ಲ. 5,000 ಗೆದ್ದ ದಿನವೇ ಅವರ ಹೆಂಡತಿ ಡಾನಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದರು.

ಪಿಂಪ್ರಿ ಪೈಲ್ವಾನರ ಮಗ

ಹೆಲ್ಸಿಂಕಿ ಅಂತ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಅದೇ 1952ರಲ್ಲಿ, ಅದೇ ಊರಲ್ಲಿ, ನಮ್ಮ ಕಡೆಯ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದರು. ಕರಾಡದ ಹತ್ತಿರದ ಗೋಳೇಶ್ವರದವರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಮುಂದಿನದಕ್ಕೆ 44 ವರ್ಷ ಕಾಯಬೇಕಾಯಿತು.

ನಮ್ಮೂರು ನಿಪ್ಪಾಣಿ. ಅಪ್ಪ ಗರಡಿ ಮನೆಯಲ್ಲಿ ಬೆಳೆದವರು. ಕೊಲ್ಹಾಪುರದ ಖಾಸಬಾಗ್ ಮೈದಾನಕ್ಕೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಗರಡಿಯ ಕೆಂಪು ಮಣ್ಣು ಎಂಥದ್ದು ಅಂತ ಮುಟ್ಟಿದವರಿಗೇ ಗೊತ್ತು. ಎಣ್ಣೆ, ಅರಿಶಿಣ, ಲಿಂಬೆಹಣ್ಣು, ಮಜ್ಜಿಗೆ ಎಲ್ಲ ಹಾಕಿ ಹದ ಮಾಡಿರುತ್ತಾರೆ. ಕೈಗೆ ಆ ಮಣ್ಣು ಸವರಿಕೊಂಡರೆ ಎದುರಾಳಿಯ ಬೆವರು ಮೈ ಜಾರುವುದಿಲ್ಲ, ಹಿಡಿತ ಸಿಗುತ್ತದೆ. ಕಾಲು ಹೂತು ನಿಲ್ಲುತ್ತದೆ. ಮ್ಯಾಟ್ ಮೇಲೆ ಎರಡೂ ಇಲ್ಲ. ಕಾಲು ಜಾರುತ್ತದೆ, ಕುಸ್ತಿ ಎರಡು ಪಟ್ಟು ವೇಗವಾಗಿ ನಡೆಯುತ್ತದೆ. ಖಾಶಾಬಾ ಇಂಥ ಮಣ್ಣಿನಿಂದ ಎದ್ದು 1948ರಲ್ಲಿ ಲಂಡನ್ನಿನ ಮ್ಯಾಟ್ ಮೇಲೆ ನಿಂತರು. ಆರನೇ ಸ್ಥಾನ ಬಂತು. ಮರಳಿ ಬಂದು ನಾಲ್ಕು ವರ್ಷ ತಯಾರಾದರು.

ಎರಡನೇ ಸಲ ಹೋಗಲು ದುಡ್ಡಿರಲಿಲ್ಲ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಆಗಿದ್ದ ಖರ್ಡೇಕರ್ ತಮ್ಮ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. 1952ರ 7,000! ಊರವರೂ ಕೈಲಾದಷ್ಟು ಕೂಡಿಸಿದರು. ಪದಕ ತಂದಾಗ ಕರಾಡದಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿ ಕಟ್ಟಿ ಮೆರವಣಿಗೆ ಮಾಡಿದರಂತೆ. ಆಮೇಲೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಎಷ್ಟೋ ವರ್ಷ ಆದ ಮೇಲೆ. ಬದುಕಿದ್ದಾಗ ಪದ್ಮ ಪ್ರಶಸ್ತಿಯೂ ಸಿಗಲಿಲ್ಲ. ಅಪ್ಪ ಈ ಮಾತು ಬಂದಾಗಲೆಲ್ಲ ತಟ್ಟೆ ಮುಂದಿಟ್ಟುಕೊಂಡು ಸುಮ್ಮನಾಗಿಬಿಡುತ್ತಿದ್ದರು.

ಇನ್ನೊಬ್ಬರ ಹೆಸರೂ ಹೇಳಬೇಕು. ನಮ್ಮ ಪಿಂಪ್ರಿಗೆ ಹತ್ತಿದ ಥೇರ್‌ಗಾವ್‌ನಲ್ಲಿ ನೆಲೆಸಿದ ಮುರಳೀಕಾಂತ್ ಪೇಟ್ಕರ್. ಸೈನ್ಯದಲ್ಲಿ ಬಾಕ್ಸಿಂಗ್ ಮಾಡುತ್ತಿದ್ದವರು. 1965ರ ಯುದ್ಧದಲ್ಲಿ ಗುಂಡು ಬಿದ್ದು ಸೊಂಟದ ಕೆಳಗೆ ಬಲ ಹೋಯಿತು. 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್, 37.33 ಸೆಕೆಂಡ್, ವಿಶ್ವದಾಖಲೆ, ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಪದ್ಮಶ್ರೀ ಬಂದದ್ದು 2018ರಲ್ಲಿ.

ಈಜುಗಾರ ಅಣ್ಣಾ, ನೀವೇ ಹೇಳಿ. ಕಾಲು ಬಡಿಯದೆ 50 ಮೀಟರ್ 37 ಸೆಕೆಂಡಿನಲ್ಲಿ ಹೋಗೋದು ಅಂದರೆ ಏನು?

ಮುಲುಂಡ್ ಈಜುಗಾರ

ಎರಡು ಕಾಲೂ ಬಡಿದು ನನ್ನದು 34. ಕಾಲುಗಳ ನಡುವೆ ಪುಲ್ ಬಾಯ್ (ತೇಲುವ ಫೋಮ್ ತುಂಡು) ಸಿಕ್ಕಿಸಿಕೊಂಡು, ಬರೀ ಕೈಯಲ್ಲಿ ಈಜಿದರೆ 43 ಆಗುತ್ತದೆ. ಅದೂ ಪುಲ್ ಬಾಯ್ ಕಾಲನ್ನು ಮೇಲೆ ಎತ್ತಿ ಹಿಡಿಯುತ್ತದೆ. ಅವರಿಗೆ ಆ ಸಹಾಯವೂ ಇಲ್ಲ. ಕಾಲಿನ ಭಾರ ಕೆಳಗೆ ಜಗ್ಗುತ್ತಿರುತ್ತದೆ, ಅದನ್ನೂ ಭುಜವೇ ಎಳೆಯಬೇಕು. ನಾನು ಇಷ್ಟು ವರ್ಷ ಈಜಿ ಈ ಹೆಸರು ಸರಿಯಾಗಿ ತಿಳಿದುಕೊಂಡಿರಲಿಲ್ಲ. ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ.

ವಾಸ್ಕೋ ಬಾಗಲಕೋಟಿ

ಪೈಲ್ವಾನರ ಮಗ ಹೇಳಿದ 44 ವರ್ಷ ಮುಗಿಸಿದವರು ನಮ್ಮ ಗೋವಾ ರಕ್ತದವರು ರೀ. ಲಿಯಾಂಡರ್ ಪೇಸ್, 1996, ಅಟ್ಲಾಂಟಾ, ಟೆನಿಸ್‌ನಲ್ಲಿ ಕಂಚು. ತಂದೆ ವೇಸ್ ಪೇಸ್ ಗೋವಾದಲ್ಲಿ ಹುಟ್ಟಿದವರು, 1972ರಲ್ಲಿ ಹಾಕಿಯಲ್ಲಿ ಕಂಚು ಗೆದ್ದಿದ್ದರು. ಅಪ್ಪ ಮಗ ಇಬ್ಬರ ಮನೆಯಲ್ಲೂ ಒಲಿಂಪಿಕ್ ಕಂಚು. ಏಳು ಒಲಿಂಪಿಕ್ಸ್ ಆಡಿದ್ದಾರೆ. ಬಂದರಿನಲ್ಲಿ ಶಿಫ್ಟ್ ಇದೆ, ಉಳಿದದ್ದು ರಾತ್ರಿ ಬರೀತೀನಿ.

ಚೆಂಬೂರ್ ಹೋಟೆಲ್ ಮಾಮ

ತಂಗಿ, ಎಲ್ಲರ ಮಾತೂ ಓದಿದೆ. ನನ್ನದೂ ಒಂದು ಇರಲಿ.

1980ರಲ್ಲಿ ನಾನು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ. ಕುಂದಾಪುರದಿಂದ ಬಂದು ಎರಡು ವರ್ಷ ಆಗಿತ್ತು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಮಾರ್ಚ್‌ನಲ್ಲಿ ಒಂದು ದಿನ ಮಾಸ್ತರರು ಬಂದವರೇ ಗಣಿತ ಬಿಟ್ಟು ಬೋರ್ಡಿನ ಮೇಲೆ 15–3, 15–10 ಅಂತ ಬರೆದರು. ನಮಗೆ ಯಾವ ಲೆಕ್ಕ ಅಂತಲೇ ತಿಳಿಯಲಿಲ್ಲ. ಆಮೇಲೆ ಹೇಳಿದರು, ಪ್ರಕಾಶ್ ಪಡುಕೋಣೆ ಲಂಡನ್ನಿನಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರು, ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿದರು ಅಂತ. ಪಡುಕೋಣೆ ಅಂದರೆ ನಮ್ಮ ಮನೆಯಿಂದ ಹೊಳೆ ದಾಟಿದರೆ ಸಿಗುವ ಊರು. ಬೆಂಚಿನ ಮೇಲೆ ಹತ್ತಿ ಕೂಗಿದೆವು. ಅವರು ಆಡಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಅಂಥ ಜಾಗದಿಂದ ಬಂದು ಜಗತ್ತಿನ ಮೊದಲನೆಯವರಾದರು. ಸ್ಮ್ಯಾಶ್ ಹೊಡೆಯುವವರ ಎದುರು ಮೆಲ್ಲಗೆ ಬಲೆ ದಾಟಿಸಿ, ಅವರನ್ನು ಹಿಂದೆ ಮುಂದೆ ಓಡಿಸಿ ದಣಿಸಿದರು. ಅದು ಬುದ್ಧಿಯ ಆಟ.

ನಮ್ಮ ಕಡೆ ಹುಡುಗರು ಕಂಬಳದ ಶ್ರೀನಿವಾಸ ಗೌಡರ ಹೆಸರು ಹೇಳುತ್ತಾರೆ. 2020ರಲ್ಲಿ ಐಕಳದಲ್ಲಿ 142.5 ಮೀಟರ್ 13.62 ಸೆಕೆಂಡಿನಲ್ಲಿ. ಬೋಲ್ಟ್‌ಗಿಂತ ವೇಗ ಅಂತ ಪೇಪರಿನಲ್ಲೆಲ್ಲ ಬಂತು. ಕಂಬಳ ನೋಡಿ ಬೆಳೆದವನು ನಾನು, ನೇರ ಹೇಳುತ್ತೇನೆ. ಹಾಗೆ ಹೋಲಿಸುವುದು ಗೌಡರಿಗೂ ನ್ಯಾಯವಲ್ಲ. ಕೋಣ ಎಳೆಯುತ್ತದೆ, ಅದು ಸರಿ. ಆದರೆ ಕೆಸರು ನೀರಿನಲ್ಲಿ ಎರಡು ಕೋಣದ ಹಿಂದೆ, ಒಂದು ಕೈಯಲ್ಲಿ ಹಗ್ಗ ಹಿಡಿದು, ಬೀಳದೇ ಅಷ್ಟು ದೂರ ಹೋಗುವುದನ್ನು ಟ್ರ್ಯಾಕಿನ ಓಟಗಾರರು ಮಾಡಲಾರರು. ಭಾರತೀಯ ಕ್ರೀಡಾ ಪ್ರಾಧಿಕಾರದವರು ಟ್ರಯಲ್‌ಗೆ ಕರೆದಾಗ, ನನ್ನದು ಕಂಬಳ ಅಂತ ಅವರು ಅಲ್ಲೇ ಉಳಿದರು. ಅವರಿಗೆ ತಮ್ಮ ಆಟ ಗೊತ್ತಿತ್ತು.

ಹಿಂಜವಡಿ ಐಟಿ ಹುಡುಗ

ಮಾಮ, ಆ ಸುದ್ದಿ ಬಂದಾಗ ನಾನೂ ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಕಳಿಸಿದ್ದೆ. ನೀವು ಹೇಳಿದ ರೀತಿ ಯೋಚಿಸಿರಲಿಲ್ಲ.

ಕೋಥ್ರೂಡ್ ಓಟಗಾರ್ತಿ

ಎರಡು ದಿನ ಆಫೀಸಿನ ಕೆಲಸದಲ್ಲಿ ಇಲ್ಲಿ ಬರಲಾಗಲಿಲ್ಲ. ಈಗ ಎಲ್ಲ ಒಟ್ಟಿಗೆ ಓದಿದೆ.

ಪೈಲ್ವಾನರ ಮಗ ಬರೆದದ್ದು ಓದಿ ಒಂದು ಲೆಕ್ಕ ಹೊಳೆಯಿತು. 1948ರ ಲಂಡನ್‌ನಲ್ಲಿ ಫ್ಯಾನಿ ಇದ್ದರು, ಜಾಟೋಪೆಕ್ ಇದ್ದರು, ಖಾಶಾಬಾ ಇದ್ದರು. ಮೂವರೂ ಒಂದೇ ಕೂಟದಲ್ಲಿ! ಮೂವರ ಹಿಂದೆಯೂ ಕಷ್ಟದ ವರ್ಷಗಳು. ಅವರಿಗೆ ಆ ವರ್ಷಗಳನ್ನು ವಾಪಸ್ ಕೊಟ್ಟಿದ್ದರೆ ಎಷ್ಟು ಪದಕ ಬರುತ್ತಿತ್ತು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಪದಕದ ಪಟ್ಟಿ ಹಿಡಿದು ಕೂತಾಗ ಆ ಖಾಲಿ ಜಾಗ ಕಾಣಿಸಲೇಬೇಕು ಅಂತ ನನ್ನ ವಾದ. ಫೆಲ್ಪ್ಸ್‌ಗೆ ನಾಲ್ಕು ಒಲಿಂಪಿಕ್ಸ್‌ನಲ್ಲಿ ಗೆಲ್ಲುವ ಅವಕಾಶ ಸಿಕ್ಕಿತು, ಅವರು ಅದನ್ನು ಒಂದಿಷ್ಟೂ ವ್ಯರ್ಥ ಮಾಡಲಿಲ್ಲ. ಮುಲುಂಡಿನ ತಮ್ಮ, ಫೆಲ್ಪ್ಸ್ ಕೈಬೀಸು ಎಣಿಸಿದ ಕಥೆ ಹೇಳಿದ ಮೇಲೆ ಅವರ ಮೇಲೆ ಗೌರವ ಜಾಸ್ತಿಯಾಗಿದೆ. ತಕ್ಕಡಿ ಬಗ್ಗೆ ನಾನು ಆಡಿದ ಮಾತು ಸ್ವಲ್ಪ ಒರಟಾಯಿತು.

ನನ್ನ ಮತ ಮಾತ್ರ ಬದಲಾಗಿಲ್ಲ. ಜಾಟೋಪೆಕ್ ಅವರದು ಮೂರೂ ಓಟವೇ. ಫ್ಯಾನಿ ಅವರದು ಓಟ, ಹರ್ಡಲ್ಸ್, ಎರಡು ಜಿಗಿತ. 1999ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅವರನ್ನು ಶತಮಾನದ ಶ್ರೇಷ್ಠ ಅಥ್ಲೀಟ್ ಅಂತ ಆರಿಸಿತು, ಹೆಂಗಸರ ವಿಭಾಗದಲ್ಲಿ. ಆ ವಿಭಾಗದ ಗೆರೆ ಅಳಿಸಿ ನೋಡಿ ಅಂತಲೇ ನಾನು ಹೇಳುತ್ತಿರುವುದು.

ಲಂಡನ್‌ನಿಂದ ಮರಳಿದಾಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಲ್ಕು ಬಿಳಿ ಕುದುರೆ ಕಟ್ಟಿದ ಸಾರೋಟಿನಲ್ಲಿ ಮೆರವಣಿಗೆ ಮಾಡಿದರು. ಅವರಿಗೆ ಒಂದು ಸೈಕಲ್ಲೂ ಕೊಟ್ಟರಂತೆ, ಇನ್ನು ಮೇಲೆ ಅಷ್ಟು ಓಡಬೇಡಮ್ಮ ಅಂತ. ನನಗೆ ಸಾರೋಟಿಗಿಂತ ಸೈಕಲ್ಲೇ ನೆನಪಿರುತ್ತದೆ. ಕರಾಡದ ಎತ್ತಿನ ಗಾಡಿಗಳ ಪಕ್ಕ ಅದನ್ನೂ ಇಟ್ಟುಕೊಂಡಿದ್ದೇನೆ.

ದಾದರ್ ಟೀಚರ್

ಈ ಕಥೆಯನ್ನು ನಾಳೆ ಎಂಟನೇ ಕ್ಲಾಸಿನಲ್ಲಿ ಹೇಳುತ್ತೇನೆ. 1.71 ಗೆರೆಯನ್ನು ಕ್ಲಾಸಿನ ಬಾಗಿಲ ಮೇಲೂ ಎಳೆಯುತ್ತೇನೆ.

ಚೆಂಬೂರ್ ಹೋಟೆಲ್ ಮಾಮ

ತಂಗಿ, ಒಂದು ಸುದ್ದಿ. ನಿನ್ನೆ ಸಂಜೆ ನಮ್ಮ ಬಿಲ್ಡಿಂಗ್ ಕಾಂಪೌಂಡಿನಲ್ಲಿ ಮೊಮ್ಮಗಳು ಚಾಕ್‌ಪೀಸಿನಿಂದ 6.25 ಮೀಟರ್ ಅಳೆದು ಎರಡು ಗೆರೆ ಎಳೆದಳು. ನೀರಿನ ಟ್ಯಾಂಕಿನ ಮುಚ್ಚಳದಿಂದ ಮೂರನೇ ಸ್ಕೂಟರಿನ ತನಕ ಬಂತು. ಅಷ್ಟು ದೂರ ಅಂತ ನಾನು ಅಂದುಕೊಂಡಿರಲಿಲ್ಲ. ಮಕ್ಕಳೆಲ್ಲ ಸೇರಿದರು. ಹುಡುಗರು ಮೂರು ಮೀಟರಿನ ಆಸುಪಾಸು ಬಿದ್ದರು. ಮೊಮ್ಮಗಳಿಗೆ ಹದಿಮೂರು ವರ್ಷ, 3.60 ಹಾರಿದಳು. ಸಿಮೆಂಟಿನ ನೆಲ, ಮಂಡಿ ತರಚಿತು. ಅರಿಶಿಣ ಹಚ್ಚಿದ್ದೇವೆ. ಇವತ್ತು ಸ್ಕೂಲಿನಿಂದ ಬಂದವಳೇ ಮತ್ತೆ ಆ ಗೆರೆಯ ಹತ್ತಿರ ನಿಂತಿದ್ದಾಳೆ. ಈ ಕಡೆ ಮರಳಿನ ಗುಂಡಿ ಇರುವ ಮೈದಾನ ಯಾವುದು, ಶನಿವಾರ ಮಕ್ಕಳನ್ನು ಬಿಡುತ್ತಾರಾ, ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಮುಲುಂಡ್ ಈಜುಗಾರ

ಮಾಮ, ಅಲ್ಲಿತನಕ ಸಿಮೆಂಟಿನ ಮೇಲೆ ಹಾರಲು ಬಿಡಬೇಡಿ, ಹಿಮ್ಮಡಿಗೆ ಪೆಟ್ಟಾಗುತ್ತದೆ. ನಮ್ಮ ಕೊಳದ ಕೋಚ್‌ಗೆ ಅಥ್ಲೆಟಿಕ್ಸ್‌ನವರ ಪರಿಚಯ ಇದೆ. ಇವತ್ತು ರಾತ್ರಿಯೇ ಕೇಳಿ ಹೇಳುತ್ತೇನೆ.